ಈ ಟೋಪಿ ಯಾರ ತಲೆಗೆ?

ನನ್ನ ಊರು ದಾವಣಗೆರೆ ಕಡೆ, ಈಗ ಇರೋದು ಗುರುಗ್ರಾಮದಲ್ಲಿ. ಎಂಟೆಕ್ ಮುಗಿಸಿ ಉತ್ತರಕ್ಕೆ ಬಂದ ಮೇಲೆ ನಾನು ಹೊಸದಾಗಿ ಕಲಿತಿದ್ದು ಎರಡು: ಒಂದು ಹಿಂದಿ, ಇನ್ನೊಂದು ಕ್ರೋಶಾ. ಇವತ್ತು ಎರಡನೇದರ ಬಗ್ಗೆ ಮಾತಾಡೋಣ. ಚಳಿಯಲ್ಲಿ ಕಷ್ಟಪಡೋ ಮಕ್ಕಳಿಗಾಗಿ ಟೋಪಿ, ಕಾಲುಚೀಲ ಹೆಣೆದು ಕೊಡೋ ಕೆಲಸವನ್ನ ಇಲ್ಲಿ ನಾವು ಕೆಲವು ಕನ್ನಡಿಗರು ವಾರಾಂತ್ಯದಲ್ಲಿ ಮಾಡ್ತೀವಿ.

ಇದನ್ನ ಹೇಳಿದ ಕೂಡಲೇ ಆಫೀಸಲ್ಲಿ ಬರೋ ಮೊದಲ ಪ್ರಶ್ನೆ: "ಅಂಗಡೀಲಿ ಸಿಗುತ್ತಲ್ಲಪ್ಪ, ನಿನ್ನ ಒಂದು ಗಂಟೆ ಸಂಬಳದಲ್ಲಿ ನಾಲ್ಕು ಸ್ವೆಟರ್ ಬರುತ್ತೆ." ಇದು ನ್ಯಾಯವಾದ ಪ್ರಶ್ನೆ, ನಕ್ಕು ತಳ್ಳಿಹಾಕೋದಲ್ಲ. ಆರು ವರ್ಷದ ಮಗುವಿಗೆ ಒಂದು ಸ್ವೆಟರ್ ಹೆಣೆಯೋಕೆ ನನ್ನಂಥವರಿಗೆ ಎರಡು ಮೂರು ವಾರಾಂತ್ಯ ಬೇಕು. ಲುಧಿಯಾನದ ಮಷಿನ್‌ಗಳು ಅದೇ ಹೊತ್ತಲ್ಲಿ ರಾಶಿ ರಾಶಿ ಹಾಕ್ತವೆ. ಜನವರಿಯಲ್ಲಿ ದೆಹಲಿಯ ರಾತ್ರಿ ಉಷ್ಣತೆ 5 ಡಿಗ್ರಿಗಿಂತ ಕೆಳಗೆ ಇಳಿದಾಗ, ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ಮಲಗೋ ಮಗುವಿಗೆ ಸ್ವೆಟರ್ ಇವತ್ತೇ ಬೇಕು. ಅಲ್ಲಿ ದುಡ್ಡು ಕೊಡಿ, ಕೊಂಡು ಕೊಡಿ, ಇಲ್ಲಾ ಮನೆಯಲ್ಲಿರೋ ಒಳ್ಳೆ ಬಟ್ಟೆ ಕೊಡಿ. ಬಟ್ಟೆಯನ್ನ ಸರಿಯಾದ ಜಾಗಕ್ಕೆ ತಲುಪಿಸೋದೇ ಒಂದು ದೊಡ್ಡ ಕೆಲಸ. ದೆಹಲಿಯ ಗೂಂಜ್ ಸಂಸ್ಥೆ ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇಂಥ ಕೆಲಸಕ್ಕೇ.

ಹಾಗಾದ್ರೆ ಕೈಹೆಣಿಗೆ ಯಾಕೆ ಬೇಕು? ಮಷಿನ್ ಮಾಡದೇ ಇರೋದನ್ನ ಮಾಡೋಕೆ. ಒಂದು ಉದಾಹರಣೆ ತಗೊಳ್ಳೋಣ.

ಅವಧಿಗೆ ಮುಂಚೆ ಹುಟ್ಟಿದ, ಒಂದೂವರೆ ಕೆಜಿ ತೂಕದ ಮಗು. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್. ಈ ಪುಟ್ಟ ಮಗುವಿನದು 28ರ ಆಸುಪಾಸು. ಅಂಗಡಿಯ 'ನ್ಯೂಬಾರ್ನ್' ಟೋಪಿ ಹಾಕಿದ್ರೆ ಕಣ್ಣು, ಮೂಗಿನ ಮೇಲೆ ಜಾರುತ್ತೆ. ಆ ಅಳತೆ ಸುಲಭವಾಗಿ ಸಿಗಲ್ಲ. ಆದರೆ ಸಣ್ಣ ಕ್ರೋಶಾ ಕಡ್ಡಿ, ಸ್ವಲ್ಪ ಮೆತ್ತನೆ ನೂಲು ಇದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತೆ.

ಒಂದು ಟೋಪಿಗೆ ಅಷ್ಟು ಮಹತ್ವ ಯಾಕೆ ಅಂದ್ರೆ, ಹುಟ್ಟಿದ ಮಗುವಿನ ಮೈ ಬಿಸಿ 36.5ರಿಂದ 37.5 ಡಿಗ್ರಿ ಒಳಗೆ ಇರಬೇಕು. ನಮ್ಮ ಹಾಗೆ ನಡುಗಿ ಬಿಸಿ ಮಾಡ್ಕೊಳ್ಳೋಕೆ ಅದಕ್ಕೆ ಬರಲ್ಲ. ತೂಕ ಕಡಿಮೆ ಇದ್ದಷ್ಟೂ ಚರ್ಮದ ಕೆಳಗಿನ ಕೊಬ್ಬೂ ಕಡಿಮೆ. ಜೊತೆಗೆ ಮೈಗೆ ಹೋಲಿಸಿದ್ರೆ ತಲೆ ದೊಡ್ಡದು: ಮಗುವಿನ ಒಟ್ಟು ಚರ್ಮದಲ್ಲಿ ಸುಮಾರು ಐದನೇ ಒಂದು ಭಾಗ ತಲೆಯದೇ. ಮುಂಬೈ, ಚೆನ್ನೈನಲ್ಲಿ ಇರೋರು "ನಮ್ಮಲ್ಲಿ ಚಳಿ ಎಲ್ಲಿದೆ" ಅನ್ನಬಹುದು. ಒದ್ದೆ ಮೈ, ಫ್ಯಾನಿನ ಗಾಳಿ, ಏಸಿ ಕೋಣೆ ಇದ್ದರೆ ಸಾಕು. ಸೆಕೆ ಊರಲ್ಲೂ ಪುಟ್ಟ ಮಗು ತಣ್ಣಗಾಗುತ್ತೆ.

ಇದಕ್ಕೆ ಒಳ್ಳೆ ಮದ್ದು ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಶುರುವಾದ ಕಾಂಗರೂ ಆರೈಕೆ ಇದೇ: ಮಗುವನ್ನ ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟೋದು. ಇದನ್ನ ಹುಟ್ಟಿದ ತಕ್ಷಣ ಶುರು ಮಾಡಿದ್ರೆ ಏನಾಗುತ್ತೆ ಅಂತ ಐದು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೀತು. ಭಾರತದಿಂದ ಅದರಲ್ಲಿದ್ದದ್ದು ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳು. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಆರೈಕೆ ಶುರು ಮಾಡಿದ ಗುಂಪಿನಲ್ಲಿ 28 ದಿನದೊಳಗಿನ ಸಾವು ಶೇಕಡಾ 15.7, ತಕ್ಷಣ ಶುರು ಮಾಡಿದ ಗುಂಪಿನಲ್ಲಿ ಶೇಕಡಾ 12. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ತಕ್ಷಣ ಇದನ್ನ ಶುರು ಮಾಡಿ ಅಂತ ಶಿಫಾರಸು ಮಾಡ್ತು.

ಈಗ ಗಮನಿಸಿ. ಎದೆಗೆ ಕಟ್ಟಿಕೊಂಡ ಆ ಮಗು ಮೈಮೇಲೆ ಏನು ಹಾಕಿರುತ್ತೆ? ಒಂದು ಟೋಪಿ, ಕಾಲುಚೀಲ, ಲಂಗೋಟಿ. ಅಷ್ಟೇ. ಸ್ವೆಟರ್ ಹಾಕಿದ್ರೆ ಚರ್ಮ ಚರ್ಮಕ್ಕೆ ತಾಗಲ್ಲ. ನಾವು ಪ್ರೀತಿಯಿಂದ ಹೂವು, ಫ್ರಿಲ್ ಎಲ್ಲ ಇಟ್ಟು ಹೆಣೆದ ಚೆಂದದ ಸ್ವೆಟರ್ ಅಲ್ಲಿ ಬೇಡವೇ ಬೇಡ. ಜೀವ ಉಳಿಸೋದು ಅಮ್ಮ, ವೈದ್ಯರು, ನರ್ಸುಗಳು. ನಮ್ಮ ಟೋಪಿ ಆ ಕೆಲಸಕ್ಕೆ ಒಂದು ಸಣ್ಣ ಸಹಾಯ, ಅದೂ ಅಳತೆ ಸರಿ ಇದ್ದರೆ ಮಾತ್ರ.

ನಾನು ಇವತ್ತು ಹೇಳಬೇಕು ಅಂದುಕೊಂಡಿದ್ದು ಇದೇ. ನಮ್ಮ ಕೆಲಸದಲ್ಲಿ ರಿಕ್ವೈರ್‌ಮೆಂಟ್ ಕೇಳದೆ ಯಾರಾದ್ರೂ ಕೋಡ್ ಬರೆದ್ರೆ ಸುಮ್ಮನಿರ್ತೀವಾ? ದಾನದ ವಿಷಯ ಬಂದಾಗ ಮಾತ್ರ "ಏನೋ ಒಂದು ಕೊಟ್ಟರಾಯ್ತು" ಅಂತೀವಿ. ನಮ್ಮ ಅಜ್ಜಿಯರು ಮಾಡಿದ್ದು ಹಾಗಲ್ಲ. ಕುಲಾವಿ ಹೊಲಿದರು, ಕುಂಚಿಗೆ ಹೊಲಿದರು, ಹಳೇ ಸೀರೆ ಸೇರಿಸಿ ಕೌದಿ ಹಾಕಿದರು. ಅದು ಯಾವ ಮಗುವಿಗೆ ಅಂತ ಅವರಿಗೆ ಗೊತ್ತಿತ್ತು, ತಲೆ ಮುಟ್ಟಿ ಅಳತೆ ನೋಡಿದ್ದರು. ನಮಗೆ ಆ ಮಗು ಗೊತ್ತಿಲ್ಲ. ಅದಕ್ಕೇ ನಾವು ಕೇಳಬೇಕು.

ಕಡ್ಡಿ ಹಿಡಿಯೋ ಮುಂಚೆ ಒಂದು ಫೋನ್ ಮಾಡಿ. ಆಸ್ಪತ್ರೆ ಆಗಲಿ, ಅಂಗನವಾಡಿ ಆಗಲಿ, ಸಂಸ್ಥೆ ಆಗಲಿ, ನಾಲ್ಕು ಪ್ರಶ್ನೆ ಕೇಳಿ: ಕೈಯಲ್ಲಿ ಹೆಣೆದದ್ದನ್ನ ತಗೋತೀರಾ? ಯಾವ ಅಳತೆ ಬೇಕು? ಹೇಗೆ ಒಗೀತೀರಿ? ಯಾವ ತಿಂಗಳೊಳಗೆ ಬೇಕು? ಸೋಂಕಿನ ಭಯಕ್ಕೆ ಕೆಲವು ಆಸ್ಪತ್ರೆಗಳು ಹೊರಗಿನದ್ದು ತಗೊಳ್ಳಲ್ಲ. ಬೇಸರ ಮಾಡ್ಕೊಬೇಡಿ, ಅವರು ಮಗುವಿನ ಕಡೆ ನಿಂತಿದ್ದಾರೆ.

ಎರಡನೇದು ನೂಲು. ಅಂಗಡೀಲಿ 'ಉಲ್ಲನ್' ಅಂತ ಕೊಡೋದು ಹೆಚ್ಚಾಗಿ ಅಕ್ರಿಲಿಕ್. ಅಗ್ಗ, ಮೆತ್ತಗೆ, ಒಗೆಯೋಕೆ ಸುಲಭ. ಆದರೆ ಬೆಂಕಿ ತಾಗಿದ್ರೆ ಕರಗಿ ಚರ್ಮಕ್ಕೆ ಅಂಟುತ್ತೆ. ಶೆಡ್ಡುಗಳ ಮುಂದೆ ಮಕ್ಕಳು ಕಟ್ಟಿಗೆ, ರಟ್ಟು ಸುಟ್ಟು ಬೆಂಕಿ ಕಾಯಿಸ್ತಾ ಕೂರೋದನ್ನ ಇಲ್ಲಿ ಇರೋರೆಲ್ಲ ನೋಡಿರ್ತೀರಿ. ಅಂಥ ಮಕ್ಕಳಿಗೆ ನಿಜವಾದ ಉಣ್ಣೆ ಮೇಲು, ಅದು ಕರಗಲ್ಲ, ಸುಲಭವಾಗಿ ಹೊತ್ತಿಕೊಳ್ಳೋದೂ ಇಲ್ಲ. ಆದರೆ ಬಿಸಿನೀರಿಗೆ ಹಾಕಿದ್ರೆ ಉಣ್ಣೆ ಕುಗ್ಗುತ್ತೆ, ಕೆಲವರಿಗೆ ಕೆರೆತ. ಬಿಸಿನೀರಲ್ಲಿ ಒಗೆಯೋ ಆಸ್ಪತ್ರೆಗೆ ಹತ್ತಿ ನೂಲು ಒಳ್ಳೇದು. ಎಲ್ಲಾದಕ್ಕೂ ಒಂದೇ ನೂಲು ಅನ್ನೋದು ಆಗಲ್ಲ.

ಮೂರನೇದು ಹೆಣಿಗೆ. ಬೆಚ್ಚಗೆ ಇಡೋದು ನೂಲಿನ ಒಳಗೆ ಸಿಕ್ಕಿಕೊಂಡ ಗಾಳಿ. ದೊಡ್ಡ ತೂತಿನ ಜಾಲರಿ ಡಿಸೈನ್ ಫೋಟೋಗೆ ಚೆಂದ, ಚಳಿಗೆ ಅಲ್ಲ. ಕೂಸಿನ ಬೆರಳು ಆ ತೂತಲ್ಲಿ ಸಿಕ್ಕಿಕೊಳ್ಳುತ್ತೆ. ಗುಂಡಿ, ಮಣಿ, ಉಲ್ಲನ್ ಚೆಂಡು ಬೇಡ, ಬಾಯಿಗೆ ಹೋಗುತ್ತೆ. ಕುತ್ತಿಗೆಗೆ ಕಟ್ಟೋ ದಾರ ಬೇಡ. ಕಾಲುಚೀಲದ ಒಳಗೆ ಬಿಟ್ಟ ಎಳೆ ಪುಟ್ಟ ಬೆರಳಿಗೆ ಸುತ್ತಿಕೊಂಡ್ರೆ ರಕ್ತ ಓಡಾಟ ನಿಲ್ಲಬಹುದು. ಆದ್ದರಿಂದ ತುದಿಗಳನ್ನ ಒಳಗೆ ನೇಯ್ದು ಬಿಗಿ ಮಾಡಿ. ಟೋಪಿಯನ್ನ ತಲೆಯ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ ಹೆಣೀರಿ, ಹಿಗ್ಗಿ ಕೂರುತ್ತೆ.

ಶಾಲೆ ಮಕ್ಕಳಿಗೆ ಹೆಣೆಯೋ ಆಸೆ ಇದ್ದರೂ ಟೋಪಿಯಿಂದಲೇ ಶುರು ಮಾಡಿ. ಮೂರು ವರ್ಷದ ಮಗುವಿನ ತಲೆಗೂ ಎಂಟು ವರ್ಷದ ಮಗುವಿನ ತಲೆಗೂ ಎರಡು ಮೂರು ಸೆಂಟಿಮೀಟರ್ ಅಷ್ಟೇ ವ್ಯತ್ಯಾಸ. ಹಿಗ್ಗೋ ಅಂಚು ಹಾಕಿದ್ರೆ ಒಂದೇ ಟೋಪಿ ನಾಲ್ಕೈದು ಚಳಿಗಾಲ ಬರುತ್ತೆ.

"ನಾವು ನಾಲ್ಕು ಜನ ಹೆಣೆದ್ರೆ ಏನಾಗುತ್ತೆ" ಅನ್ನೋರಿಗೆ ಚೆನ್ನೈ ಕಡೆ ನೋಡಿ ಅಂತೀನಿ. 2016ರ ಜನವರಿ 31ರಂದು 'ಮದರ್ ಇಂಡಿಯಾಸ್ ಕ್ರೋಶಾ ಕ್ವೀನ್ಸ್' ಗುಂಪಿನವರು ಚೆನ್ನೈನಲ್ಲಿ 11,148.5 ಚದರ ಮೀಟರ್ ಕ್ರೋಶಾ ಕಂಬಳಿ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದ್ರು. ಅಷ್ಟು ದೊಡ್ಡ ಕಂಬಳಿ ಒಬ್ಬರ ಕೈಯಿಂದ ಬಂದದ್ದಲ್ಲ. ಅವರವರ ಮನೆಯಲ್ಲಿ ಕೂತು ಹಾಕಿದ ತುಂಡುಗಳೇ ಸೇರಿ ಆದದ್ದು.

ಇನ್ನು ಸಮಯ. ಡಿಸೆಂಬರ್‌ನಲ್ಲಿ ಚಳಿ ನೋಡಿ ಕಡ್ಡಿ ಹಿಡಿದ್ರೆ ಟೋಪಿ ತಲುಪೋದು ಹೋಳಿ ಹಬ್ಬಕ್ಕೆ. ಜುಲೈ, ಆಗಸ್ಟ್‌ನಲ್ಲಿ ಮಳೆ ಬರ್ತಿರುವಾಗ ಶುರು ಮಾಡಿ, ದೀಪಾವಳಿ ಹೊತ್ತಿಗೆ ಒಗೆದು, ಒಣಗಿಸಿ, ಅಳತೆ ಚೀಟಿ ಹಚ್ಚಿ ತಲುಪಿಸಿ. ಗಂಡಸರೂ ಕಲೀರಿ, ಲೂಪ್ ಬರೆಯೋರಿಗೆ ಕುಣಿಕೆ ಕಷ್ಟ ಅಲ್ಲ. ಹೆಣೆಯೋಕೆ ಪುರುಸೊತ್ತು ಇಲ್ಲದವರು ನೂಲು ಕೊಡಿಸಿ, ಇಲ್ಲಾ ಆ ಫೋನ್ ಮಾಡೋ ಕೆಲಸ ವಹಿಸ್ಕೊಳ್ಳಿ. ನನ್ನ ಕೇಳಿದ್ರೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರೋದು ಅದೇ.

ನಿಮ್ಮ ಊರಲ್ಲಿ ಯಾವ ಆಸ್ಪತ್ರೆ, ಯಾವ ಅಂಗನವಾಡಿ ಟೋಪಿ ತಗೋತಾರೆ ಅಂತ ಈ ವಾರ ಒಂದು ಸಲ ವಿಚಾರಿಸಿ ನೋಡಿ.