ಪುರ ಎಂಬ ಊರು ವಿಜ್ಞಾನಿಗಳಿಗೆ ಕಲಿಸಿದ್ದು
(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ‘ಸುಸ್ಥಿರ ಅಭಿವೃದ್ಧಿ ಮತ್ತು ವಿಶ್ವವಿದ್ಯಾಲಯ’ ಎಂಬ ವಿಷಯ ಕೊಟ್ಟಿದ್ದಾರೆ. ಹೆಸರು ದೊಡ್ಡದು, ಅರ್ಥ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಎಷ್ಟೇ ಹಸಿವಾದರೂ ಬಿತ್ತನೆ ಕಾಳನ್ನು ಬೇಯಿಸಿ ತಿನ್ನಬಾರದು. ಇವತ್ತಿನ ಬದುಕು ನಡೆಸುವಾಗ ನಾಳೆಯವರ ಪಾಲು ಉಳಿಸಬೇಕು. ಇದನ್ನು ವಿಶ್ವವಿದ್ಯಾಲಯದಲ್ಲಿ ಹೇಗೆ ಓದುತ್ತಾರೆ, ಹೇಗೆ ಕಲಿಸುತ್ತಾರೆ ಎನ್ನುವುದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆದ ಒಂದು ಕೆಲಸವಿದೆ.

ನಮ್ಮ ಶಾಲೆ ಶುರುವಾದ ಕಾಲದಲ್ಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವುದು ಅದರ ಗುರಿ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಪ್ರೊ. ಎ.ಕೆ.ಎನ್. ರೆಡ್ಡಿ. ಅವರು ವಿದ್ಯುತ್ ರಸಾಯನ ವಿಜ್ಞಾನಿ. ಆ ವಿಷಯದ ಮೇಲೆ ಅವರು ಬೋಕ್ರಿಸ್ ಅವರೊಂದಿಗೆ ಬರೆದ ಪಠ್ಯಪುಸ್ತಕವನ್ನು ಹೊರದೇಶಗಳಲ್ಲೂ ಓದುತ್ತಾರೆ. ಅಂಥವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆಸಿ, ಒಲೆ, ಸೌದೆ, ಸಗಣಿಯ ಲೆಕ್ಕಕ್ಕೆ ಕೂತರು. ಅವರ ಜೊತೆ ಸಿವಿಲ್ ಎಂಜಿನಿಯರಿಂಗಿನ ಪ್ರೊ. ಕೆ.ಎಸ್. ಜಗದೀಶ್, ಸಮಾಜ ಅಧ್ಯಯನದ ಹಿನ್ನೆಲೆಯ ಶ್ರೀಲತಾ ಬಟ್ಲಿವಾಲಾ, ಇನ್ನೂ ಹಲವರು ಸೇರಿದರು.

ಮೊದಲು ಅವರು ಮಾಡಿದ್ದು ಎಣಿಕೆ. ಉಂಗ್ರದ ಆಸುಪಾಸಿನ ಆರು ಹಳ್ಳಿಗಳನ್ನು ಆರಿಸಿಕೊಂಡರು. ಅದರಲ್ಲಿ ಪುರ ಒಂದು. 1977ರಲ್ಲಿ ಅಲ್ಲಿ 56 ಮನೆ, 357 ಜನ. ಯಾವ ಮನೆ ಎಷ್ಟು ಸೌದೆ ಸುಡುತ್ತದೆ, ಅದನ್ನು ತರುವವರು ಯಾರು, ಎಷ್ಟು ದೂರ ನಡೆಯುತ್ತಾರೆ ಎಂದು ಬರೆದುಕೊಂಡರು. ಸೌದೆ ತರಲಿಕ್ಕೇ ಒಂದು ಮನೆಗೆ ದಿನಕ್ಕೆ ಸುಮಾರು ಎರಡೂವರೆ ಗಂಟೆ, ಹತ್ತಿರ ಹತ್ತಿರ 5 ಕಿಲೋಮೀಟರ್ ನಡಿಗೆ. ಊರಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಹೆಂಗಸರದ್ದು ಶೇ. 53, ಗಂಡಸರದ್ದು ಶೇ. 31, ಮಕ್ಕಳದ್ದು ಶೇ. 16 ಎಂದು ಲೆಕ್ಕ ಬಂತು. ಇಲ್ಲಿ ಕೂತಿರುವ ತಾಯಂದಿರು ನಗುತ್ತಿದ್ದೀರಿ. ಇದಕ್ಕೆ ವಿಜ್ಞಾನಿಗಳು ಬರಬೇಕಾಗಿತ್ತೇ ಎಂದು ಕೇಳಬಹುದು. ನಿಮಗೆ ಗೊತ್ತಿದ್ದದ್ದು ಸರ್ಕಾರದ ಕಡತದಲ್ಲಿ ಇರಲಿಲ್ಲ, ತಾಯಿ. ಅಂಕಿಯಾಗಿ ಬಂದ ಮೇಲೆ ಅದನ್ನು ಇಲ್ಲ ಎನ್ನಲು ಯಾರಿಗೂ ಆಗಲಿಲ್ಲ.

ಈ ಎಣಿಕೆಯಿಂದ ಒಲೆಯ ಕೆಲಸಕ್ಕೆ ಬಲ ಬಂತು. ಮೂರು ಪಾತ್ರೆ ಇಡುವ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಹಿರಿಯರಿಗೆ ನೆನಪಿರಬಹುದು. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ಪಾತ್ರೆಗೆ ತಾಗದೆ ಹೋಗುತ್ತದೆ. ಶಾಖದ ಲೆಕ್ಕ ಗೊತ್ತಿದ್ದವರು, ಮಣ್ಣಿನ ಕೆಲಸ ಗೊತ್ತಿದ್ದವರು, ಮುದ್ದೆ ತೊಳಸುವಾಗ ಪಾತ್ರೆ ಅಲುಗದಂತೆ ಕೂರಬೇಕು ಎಂದು ಬಲ್ಲ ಹೆಂಗಸರು, ಈ ಮೂವರಲ್ಲಿ ಒಬ್ಬರು ಬಿಟ್ಟುಹೋದರೂ ಅಂಥ ಒಲೆ ಮನೆಯೊಳಗೆ ನಿಲ್ಲುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಪುರದ ಗೋಬರ್ ಗ್ಯಾಸಿನ ವಿಚಾರ. ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿ, ಮನೆಮನೆಗೂ ಅಡುಗೆಗೆ ಅನಿಲ ಕೊಡುವುದು ಮೊದಲ ಯೋಜನೆ. ಊರಿನ ದನಗಳ ಸಗಣಿ ಅಷ್ಟು ಅನಿಲಕ್ಕೆ ಸಾಲಲಿಲ್ಲ. ಊರಿನವರ ಜೊತೆ ಕೂತು ಕೇಳಿದಾಗ ಅವರ ಮೊದಲ ಬೇಡಿಕೆಯೇ ಬೇರೆ ಇತ್ತು. ನಮಗೆ ಕುಡಿಯುವ ನೀರು ಬೇಕು, ಆಮೇಲೆ ದೀಪ ಎಂದರು. ಇದ್ದ ಅನಿಲ ಆ ಎರಡಕ್ಕೂ ಸಾಕಾಗುತ್ತಿತ್ತು. ಅನಿಲದಿಂದ ಡೀಸೆಲ್ ಎಂಜಿನ್ ಓಡಿಸಿ, ಕರೆಂಟು ತೆಗೆದು, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. 1987ರ ಸೆಪ್ಟೆಂಬರಿನಿಂದ ಈ ವ್ಯವಸ್ಥೆ ನಡೆಯಿತು. ಸಗಣಿ ತಂದವರಿಗೆ ತೂಕ ಹಾಕಿ ಕಿಲೋಗೆ 2 ಪೈಸೆ ಕೊಡುತ್ತಿದ್ದರು, ಗೊಬ್ಬರವಾಗಿ ಬಗ್ಗಡವನ್ನೂ ವಾಪಸು ಕೊಡುತ್ತಿದ್ದರು. ಯಂತ್ರ ನೋಡಿಕೊಂಡವರು ಊರಿನ ಹುಡುಗರೇ. ‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತನ್ನು ಲೋಕಕ್ಕೆಲ್ಲ ಪರಿಚಯಿಸಿದ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಹೊರಬಂದದ್ದೂ ಅದೇ 1987ರಲ್ಲಿ.

ಪುರದ ಆ ಸ್ಥಾವರ ಶಾಶ್ವತವಾಗಿ ನಡೆಯಲಿಲ್ಲ. ಕೆಲವು ವರ್ಷಗಳ ನಂತರ ನಿಂತಿತು. ರೆಡ್ಡಿಯವರು ಅದನ್ನು ಮುಚ್ಚಿಡದೆ, ಅದರಿಂದ ಕಲಿತ ಪಾಠಗಳನ್ನೇ ಒಂದು ಲೇಖನವಾಗಿ ಬರೆದರು. ಎಂಜಿನ್ ಓಡಿಸುವುದು ಎಷ್ಟು ಮುಖ್ಯವೋ, ಹಣ ಯಾರು ಕಟ್ಟಬೇಕು, ವಸೂಲಿ ಯಾರು ಮಾಡಬೇಕು, ಪಕ್ಕದಲ್ಲೇ ಬೇರೆ ಕಡೆಯಿಂದ ಸವಲತ್ತು ಸಿಕ್ಕಾಗ ಊರು ಒಟ್ಟಾಗಿ ಉಳಿಯುವುದು ಹೇಗೆ ಎನ್ನುವುದೂ ಅಷ್ಟೇ ಮುಖ್ಯ. ಮೊದಲನೆಯದಕ್ಕೆ ಭೌತಶಾಸ್ತ್ರ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಬೇಕು. ಎಲ್ಲ ವಿಭಾಗಗಳೂ ಒಂದೇ ಚಾಪೆಯ ಮೇಲೆ ಕೂರಬೇಕು ಎಂದು ನಾವು ಹೇಳುವುದು ಇದಕ್ಕೇ. ಮುಂದೆ ಅದೇ ಅಸ್ತ್ರ ಕೇಂದ್ರ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಯಿತು.

ಇನ್ನು ಬೋಧನೆಯ ಮಾತು. 1991ರಲ್ಲಿ ಸುಪ್ರೀಂ ಕೋರ್ಟು ಪರಿಸರ ಶಿಕ್ಷಣ ಎಲ್ಲ ಹಂತದಲ್ಲೂ ಕಡ್ಡಾಯವಾಗಬೇಕು ಎಂದು ಹೇಳಿತು. ಈಗ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲರಿಗೂ ಪರಿಸರ ಅಧ್ಯಯನದ ಪತ್ರಿಕೆ ಇದೆ. ಬಹಳ ಕಡೆ ಅದು ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಓದಿ ಮುಗಿಸುವ ಪತ್ರಿಕೆ. ನಾನು ಪಾಠ ಮಾಡುವ ಕಡೆ ಒಂದು ವರ್ಷ ರಸಾಯನಶಾಸ್ತ್ರ, ವಾಣಿಜ್ಯ, ಸಮಾಜಶಾಸ್ತ್ರದ ಮಕ್ಕಳನ್ನು ಬೆರೆಸಿ, ಹಾಸ್ಟೆಲಿನಲ್ಲಿ ಅನ್ನ ಯಾಕೆ ಚೆಲ್ಲುತ್ತದೆ ನೋಡಿ ಬನ್ನಿ ಎಂದೆ. ಒಬ್ಬರು ಚೆಲ್ಲಿದ್ದನ್ನು ತೂಗಿದರು, ಒಬ್ಬರು ಅಕ್ಕಿ, ಸಿಲಿಂಡರಿನ ಖರ್ಚು ಹಾಕಿದರು. ಕಾರಣ ಸಿಕ್ಕಿದ್ದು ಅಡುಗೆಯವರ ಹತ್ತಿರ ಮಾತಾಡಿದ ಹುಡುಗಿಗೆ. “ಶನಿವಾರ ನೀವು ಊರಿಗೆ ಹೋಗ್ತೀರಿ, ಹೇಳೋದಿಲ್ಲ. ನಾವು ಎಲ್ಲರಿಗೂ ಬೇಯಿಸ್ತೀವಿ” ಎಂದರಂತೆ. ಪರಿಹಾರಕ್ಕೆ ಯಂತ್ರ ಬೇಕಾಗಲಿಲ್ಲ, ಬಾಗಿಲಲ್ಲಿ ಒಂದು ರಿಜಿಸ್ಟರ್ ಸಾಕಾಯಿತು.

ಈಗ ನಮ್ಮ ಶಾಲೆಗೆ ಬರುತ್ತೇನೆ. ಹಳೆಯ ವಿದ್ಯಾರ್ಥಿಗಳ ಹಣದಲ್ಲಿ ಶಾಲೆಯ ಆವರಣದಲ್ಲಿ ಹೊಸ ಕೊಳವೆಬಾವಿ ಕೊರೆಸುವ ಮಾತು ನಡೆದಿದೆ. ಒಳ್ಳೆಯ ಮನಸ್ಸಿನ ಯೋಚನೆ. ನನ್ನದೊಂದು ವಿನಂತಿ: ಲಾರಿ ಕರೆಸುವ ಮೊದಲು ಮಕ್ಕಳಿಂದ ಒಂದು ಲೆಕ್ಕ ಹಾಕಿಸೋಣ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಚಾವಣಿ 300 ಚದರ ಮೀಟರ್, ಮಳೆ ವರ್ಷಕ್ಕೆ 600 ಮಿಲಿಮೀಟರ್ ಎಂದು ಹಿಡಿದರೆ 1,80,000 ಲೀಟರ್. ಐದನೇ ಒಂದು ಭಾಗ ಪೋಲಾದರೂ 1,44,000 ಉಳಿಯುತ್ತದೆ. 200 ಮಕ್ಕಳು, ದಿನಕ್ಕೆ 2 ಲೀಟರ್, 220 ದಿನ ಎಂದರೆ ಕುಡಿಯಲು ಬೇಕಾದದ್ದು 88,000 ಲೀಟರ್. ಮಳೆಯೆಲ್ಲ ಕೆಲವೇ ತಿಂಗಳಲ್ಲಿ ಬೀಳುವುದರಿಂದ ತೊಟ್ಟಿ ಎಷ್ಟು ದೊಡ್ಡದಿರಬೇಕು, ಬಿಸಿಯೂಟಕ್ಕೆ ಎಷ್ಟು ಬೇಕು, ಯಾವುದಕ್ಕೆ ಖರ್ಚು ಕಡಿಮೆ ಎನ್ನುವುದು ಮುಂದಿನ ಲೆಕ್ಕ. ಅದನ್ನು ಗಣಿತದ ಮೇಷ್ಟ್ರು ಮಾಡಿಸಲಿ. ನಮ್ಮ ಜಿಲ್ಲೆಯ ಪಾವಗಡ, ಶಿರಾ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ನಮ್ಮ ನೀರನ್ನು ವಿಜ್ಞಾನದ ಮೇಡಂ ಪರೀಕ್ಷೆ ಮಾಡಿಸಲಿ. ಕೆರೆ ಯಾವ ವರ್ಷ ಕೋಡಿ ಬಿದ್ದಿತ್ತು, ಸೇದುವ ಬಾವಿಗಳು ಯಾವಾಗ ಬತ್ತಿದವು ಎಂದು ಸಮಾಜ ವಿಜ್ಞಾನದ ತರಗತಿಯವರು ಹಿರಿಯರನ್ನು ಕೇಳಲಿ. ಅದೆಲ್ಲವನ್ನೂ ಕನ್ನಡದ ಪೀರಿಯಡ್ಡಿನಲ್ಲಿ ವರದಿಯಾಗಿ ಬರೆಯಲಿ. ಆ ವರದಿಯನ್ನು ಗ್ರಾಮಸಭೆಯಲ್ಲಿ ಹತ್ತನೇ ತರಗತಿಯ ಮಕ್ಕಳೇ ಓದಲಿ.

ಲೆಕ್ಕ ಹಾಕಿದ ಮೇಲೂ ಕೊಳವೆಬಾವಿಯೇ ಬೇಕು ಎಂದಾದರೆ ಕೊರೆಸೋಣ, ನನ್ನ ಪಾಲಿನ ಹಣವೂ ಇದೆ. ಮಳೆನೀರಿನ ತೊಟ್ಟಿ ಸಾಕು ಎಂದಾದರೆ ಉಳಿದ ಹಣದಲ್ಲಿ ಹೆಣ್ಣುಮಕ್ಕಳ ಶೌಚಾಲಯ ದುರಸ್ತಿ ಮಾಡಿಸೋಣ. ಯಾವುದೇ ಆಗಲಿ, ಕೇಳಿ, ಎಣಿಸಿ, ಆಮೇಲೆ ತೀರ್ಮಾನ ಮಾಡುವ ಅಭ್ಯಾಸ ಈ ಮಕ್ಕಳಿಗೆ ಬಂದರೆ, ಅವರು ಮುಂದೆ ಯಾವ ವಿಷಯ ಓದಿದರೂ ಊರಿಗೆ ಉಪಯೋಗವಾಗುತ್ತಾರೆ.