ಮೇಲಧಿಕಾರಿಯ ಮಾತು, ಪೇದೆಯ ನಡತೆ
(ಮುಗದದಲ್ಲಿ ನೀಡಿದ ದತ್ತಿ ಉಪನ್ಯಾಸ)

1. ವೇದಿಕೆಯ ಮೇಲೆ ಎತ್ತಿದ ಕೈ

2025ರ ಏಪ್ರಿಲ್ 28ರಂದು ಬೆಳಗಾವಿಯಲ್ಲಿ ಆಡಳಿತ ಪಕ್ಷದ ಪ್ರತಿಭಟನಾ ಸಮಾವೇಶ ನಡೆಯಿತು. ಅಲ್ಲಿ ಕರ್ತವ್ಯದಲ್ಲಿದ್ದವರಲ್ಲಿ ಧಾರವಾಡದ ಹೆಚ್ಚುವರಿ ಎಸ್‌ಪಿ ನಾರಾಯಣ ಭರಮನಿ ಒಬ್ಬರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಭಾಷಣದ ನಡುವೆ ವಿರೋಧ ಪಕ್ಷದ ಕೆಲವು ಕಾರ್ಯಕರ್ತೆಯರು ಘೋಷಣೆ ಕೂಗಿದರು. ಸಿಟ್ಟಿಗೆದ್ದ ಮುಖ್ಯಮಂತ್ರಿ ಭರಮನಿಯವರನ್ನು ವೇದಿಕೆಗೆ ಕರೆದು ಹೊಡೆಯುವವರಂತೆ ಕೈ ಎತ್ತಿದರು. ಏಟು ಬೀಳಲಿಲ್ಲ. ಆದರೆ ಆ ದೃಶ್ಯವನ್ನು ಇಡೀ ನಾಡು ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿತು, ಆ ಅಧಿಕಾರಿಯ ಮನೆಯವರೂ ನೋಡಿದರು.

ಮುಂದೆ ಅವರು ಸ್ವಯಂ ನಿವೃತ್ತಿ ಕೋರಿ ಪತ್ರ ಬರೆದರು. ಸಾರ್ವಜನಿಕವಾಗಿ ಆದ ಅವಮಾನದ ಜತೆಗೆ, ಆಮೇಲೂ ಯಾರೂ ಸಾಂತ್ವನ ಹೇಳಲಿಲ್ಲ ಎಂಬ ನೋವು ಆ ಪತ್ರದಲ್ಲಿತ್ತು. ಸುದ್ದಿ ಹೊರಬಿದ್ದ ಮೇಲೆ ಸರ್ಕಾರ ಅವರ ಮನವೊಲಿಸಿತು. ಬಳಿಕ ಅವರನ್ನು ಬೆಳಗಾವಿಯ ಡಿಸಿಪಿಯಾಗಿ ನೇಮಿಸಲಾಯಿತು.

ಹೆಚ್ಚುವರಿ ಎಸ್‌ಪಿ ಎಂದರೆ ಜಿಲ್ಲೆಯ ಪೊಲೀಸ್ ವ್ಯವಸ್ಥೆಯಲ್ಲಿ ಎಸ್‌ಪಿಯವರ ನಂತರದ ಹುದ್ದೆ. ಅಂಥವರ ಮೇಲೂ ಜನರೆದುರು ಕೈ ಎತ್ತಬಹುದಾದರೆ, ಠಾಣೆಯ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಸೆಂಟ್ರಿಯ ಮಾನಕ್ಕೆ ಬೆಲೆ ಎಷ್ಟು? ಮುಗದದಂಥ ಊರಿಗೆ ಈ ಪ್ರಶ್ನೆ ದೂರದ್ದಲ್ಲ. ಧಾರವಾಡದ ಪಶ್ಚಿಮಕ್ಕೆ, ಕೆರೆ ಮತ್ತು ಭತ್ತದ ಗದ್ದೆಗಳ ನಡುವೆ ಇರುವ ಈ ಊರಿನ ಮಂದಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಬದುವಿನ ಜಗಳಕ್ಕೋ, ಬೈಕ್ ಅಪಘಾತಕ್ಕೋ, ಮನೆಯಿಂದ ಹೋದ ಮಗಳು ಸಂಜೆಯಾದರೂ ಬರಲಿಲ್ಲವೆಂಬ ಆತಂಕಕ್ಕೋ. ಅಲ್ಲಿ ಮೊದಲು ಎದುರಾಗುವವನು ಪೇದೆ. ಅವನು “ಬರ್ರಿ, ಕುಂದರ್ರಿ, ಏನಾತು ಹೇಳ್ರಿ” ಅನ್ನುತ್ತಾನೋ, ಇಲ್ಲಾ ಮುಖ ಎತ್ತಿಯೂ ನೋಡುವುದಿಲ್ಲವೋ ಎಂಬುದು ಅವನೊಬ್ಬನ ಸ್ವಭಾವದ ಮಾತಲ್ಲ. ಅಂದು ಬೆಳಗಿನ ರೋಲ್‌ಕಾಲ್‌ನಲ್ಲಿ ಅವನ ಸಾಹೇಬರು ಅವನೊಂದಿಗೆ ಹೇಗೆ ಮಾತಾಡಿದರು ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿದೆ.

2. ಹದಿನಾಲ್ಕು ತಾಸಿನ ದಿನ

ಕಾಮನ್ ಕಾಸ್ ಸಂಸ್ಥೆ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ಸೇರಿ 2019ರಲ್ಲಿ ಭಾರತದ ಪೊಲೀಸರ ಸ್ಥಿತಿಗತಿ ಕುರಿತ ವರದಿ ತಂದವು. 21 ರಾಜ್ಯಗಳ ಸುಮಾರು 12,000 ಪೊಲೀಸರನ್ನು ಮಾತಾಡಿಸಿ ಸಿದ್ಧಪಡಿಸಿದ ವರದಿ ಅದು. ಅದರ ಪ್ರಕಾರ ಆಗ ಪೊಲೀಸರು ದಿನಕ್ಕೆ ಸರಾಸರಿ 14 ತಾಸು ದುಡಿಯುತ್ತಿದ್ದರು. ಅರ್ಧದಷ್ಟು ಮಂದಿಗೆ ವಾರದ ರಜೆಯೇ ಇರಲಿಲ್ಲ. ನಾಲ್ವರಲ್ಲಿ ಮೂವರು ಕೆಲಸದ ಹೊರೆಯಿಂದ ದೇಹ, ಮನಸ್ಸು ಎರಡೂ ಸೊರಗುತ್ತಿವೆ ಎಂದರು.

ಇವು ದಣಿವಿನ ಲೆಕ್ಕ. ಅದೇ ವರದಿಯ ಇನ್ನೆರಡು ಅಂಕಿಗಳು ನಾಯಕತ್ವದವು. ಮೇಲಧಿಕಾರಿಗಳು ಕೆಟ್ಟ ಭಾಷೆ ಬಳಸುತ್ತಾರೆ ಎಂದು ಐವರಲ್ಲಿ ಇಬ್ಬರು ಹೇಳಿದರು. ಕಿರಿಯರಿಂದ ಮನೆಗೆಲಸ, ಖಾಸಗಿ ಕೆಲಸ ಮಾಡಿಸಿಕೊಳ್ಳುತ್ತಾರೆ ಎಂದು ನಾಲ್ವರಲ್ಲಿ ಒಬ್ಬರು ಹೇಳಿದರು. ತರಬೇತಿ ಶಾಲೆಯಲ್ಲಿ ಕಾನೂನು, ಕವಾಯತು, ಬಂದೂಕು ಕಲಿತು ಬಂದ ಪದವೀಧರ ಯುವಕ ಸಾಹೇಬರ ಮನೆಯ ಕಾಯಿಪಲ್ಲೆ ಚೀಲ ಹಿಡಿದು ನಿಂತಾಗ, ತನ್ನ ಸಮವಸ್ತ್ರ ಕಾನೂನಿಗೆ ಸೇರಿದ್ದೋ ಒಬ್ಬ ವ್ಯಕ್ತಿಗೆ ಸೇರಿದ್ದೋ ಎಂಬ ಗೊಂದಲ ಅವನಲ್ಲಿ ಹುಟ್ಟದೆ ಇರುತ್ತದೆಯೇ?

3. 2016ರ ಜೂನ್ 4

ಕರ್ನಾಟಕದಲ್ಲಿ ಈ ಅಸಮಾಧಾನ ಒಮ್ಮೆ ಬೀದಿಗೆ ಬರುವ ಹಂತ ಮುಟ್ಟಿತ್ತು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವುದಾಗಿ ಪೊಲೀಸ್ ಸಿಬ್ಬಂದಿ ಘೋಷಿಸಿದರು. ಸಂಬಳ ಸಾಲದು, ವಾರದ ರಜೆ ಸಿಗದು ಎಂಬುದರ ಜತೆಗೆ, ಸಿಬ್ಬಂದಿಯನ್ನು ಸಾಹೇಬರ ಮನೆಗೆಲಸಕ್ಕೆ ಹಚ್ಚುವ ಆರ್ಡರ್ಲಿ ಪದ್ಧತಿ ಮತ್ತು ಮೇಲಧಿಕಾರಿಗಳ ಕಿರುಕುಳ ನಿಲ್ಲಬೇಕೆಂಬುದೂ ಬೇಡಿಕೆಯಾಗಿತ್ತು. ಪೊಲೀಸರು ಸಂಘ ಕಟ್ಟುವುದಕ್ಕೆ 1966ರ ಕೇಂದ್ರ ಕಾಯ್ದೆಯ ನಿರ್ಬಂಧವಿದೆ. ಸರ್ಕಾರ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಜಾರಿ ಮಾಡಿತು. ಮುಂದಾಳತ್ವ ವಹಿಸಿದ್ದವರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ಆ ದಿನ ಹೆಚ್ಚಿನವರು ಕರ್ತವ್ಯಕ್ಕೆ ಹಾಜರಾದರು, ಮುಷ್ಕರ ನಡೆಯಲಿಲ್ಲ.

ಮರುತಿಂಗಳೇ, ಜುಲೈ 5 ಮತ್ತು 7ರಂದು, ಕಲ್ಲಪ್ಪ ಹಂಡಿಬಾಗ್ ಮತ್ತು ಎಂ.ಕೆ. ಗಣಪತಿ ಎಂಬ ಇಬ್ಬರು ಡಿವೈಎಸ್‌ಪಿಗಳು ಆತ್ಮಹತ್ಯೆ ಮಾಡಿಕೊಂಡರು. ಇಬ್ಬರ ಸಂದರ್ಭಗಳೂ ಬೇರೆ ಬೇರೆ. ಆದರೂ ಮೂರು ದಿನದೊಳಗೆ ಬಂದೆರಗಿದ ಆ ಎರಡು ಸಾವುಗಳು, ಖಾಕಿ ತೊಟ್ಟವರು ಸಂಕಟ ಹೇಳಿಕೊಳ್ಳಲು ಇಲಾಖೆಯೊಳಗೆ ಯಾರ ಬಳಿ ಹೋಗಬೇಕು ಎಂಬ ಪ್ರಶ್ನೆಯನ್ನು ಇಡೀ ನಾಡಿನ ಮುಂದಿಟ್ಟವು.

ವೇತನ ಪರಿಷ್ಕರಣೆಗೆ ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದಕರ ನೇತೃತ್ವದ ಸಮಿತಿ ಅದೇ ವರ್ಷ ಶಿಫಾರಸು ಮಾಡಿತು. ಅದು ಜಾರಿಗೆ ಬಂದದ್ದು 2019ರ ಆಗಸ್ಟ್ 1ರಿಂದ. ಕಾನ್‌ಸ್ಟೇಬಲ್‌ಗಳ ವೇತನ ಶ್ರೇಣಿ 21,400–42,000 ರೂಪಾಯಿಯಿಂದ 23,500–47,650 ರೂಪಾಯಿಗೆ ಏರಿತು. ಸಂಬಳವನ್ನು ಸರ್ಕಾರಿ ಆದೇಶ ಹೆಚ್ಚಿಸಬಹುದು. ಬೈಗುಳವನ್ನು ನಿಲ್ಲಿಸಬೇಕಾದವರು ಠಾಣೆಯ ಪಿಎಸ್‌ಐ, ಇನ್‌ಸ್ಪೆಕ್ಟರ್ ಮತ್ತು ಅವರ ಮೇಲಿನವರು.

4. ಕೇಳಿಸಿಕೊಳ್ಳದ ಠಾಣೆ

2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಯುವತಿಯೊಬ್ಬಳನ್ನು ಮನೆಗೆ ನುಗ್ಗಿ ಕೊಲ್ಲಲಾಯಿತು. ಬೆದರಿಕೆ ಇದೆ ಎಂದು ಮೊದಲೇ ಬೆಂಡಿಗೇರಿ ಠಾಣೆಗೆ ತಿಳಿಸಿದ್ದೆವು, ಅಲ್ಲಿ ಯಾರೂ ಕಿವಿಗೊಡಲಿಲ್ಲ ಎಂದು ಕುಟುಂಬದವರು ಆರೋಪಿಸಿದರು. ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಹೆಡ್ ಕಾನ್‌ಸ್ಟೇಬಲ್ ಅಮಾನತಾದರು. ಕೆಲವೇ ದಿನಗಳಲ್ಲಿ ನಗರದ ಡಿಸಿಪಿಯೂ ಅಮಾನತಾದರು.

ಈ ಕ್ರಮದಲ್ಲಿ ಹೊಣೆ ಪೇದೆಯ ಮಟ್ಟದಲ್ಲೇ ನಿಲ್ಲದೆ ಮೇಲಕ್ಕೂ ಹೋಯಿತು. ಅದು ಸರಿಯೇ. ಆದರೆ ಅಮಾನತು ಸಾವಿನ ನಂತರ ಬರುವ ಕ್ರಮ. ಅಹವಾಲು ಹೊತ್ತು ಬಂದವರ ಮಾತನ್ನು ಠಾಣಾ ಡೈರಿಯಲ್ಲಿ ಬರೆಯಲಾಯಿತೇ, ಬರೆದದ್ದನ್ನು ಸಂಜೆ ಅಧಿಕಾರಿ ಓದಿದರೇ ಎಂದು ದಿನವೂ ವಿಚಾರಿಸುವ ಮೇಲಧಿಕಾರಿ ಸಾವಿನ ಮೊದಲೇ ಬೇಕು.

ಇಲಾಖೆ ಪೊಲೀಸರನ್ನು ನಡೆಸಿಕೊಳ್ಳುವ ರೀತಿಗೂ ಅವರು ಜನರನ್ನು ನಡೆಸಿಕೊಳ್ಳುವ ರೀತಿಗೂ ಇರುವ ನಂಟನ್ನು ಸಂಶೋಧಕರೂ ಗುರುತಿಸಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾ ನಗರದ 483 ಪೊಲೀಸರನ್ನು ಕುರಿತು ಸ್ಕಾಟ್ ವುಲ್ಫ್ ಮತ್ತು ಅಲೆಕ್ಸ್ ಪಿಕೆರೊ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಲಾಖೆ ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತದೆ ಎಂದು ನಂಬಿದ ಪೊಲೀಸರ ಮೇಲೆ ನಾಗರಿಕರ ದೂರುಗಳು ಕಡಿಮೆ ಇದ್ದವು. ಜತೆಯವರ ತಪ್ಪನ್ನು ಮುಚ್ಚಿಡುವ ಒಲವೂ ಅವರಲ್ಲಿ ಕಡಿಮೆಯಿತ್ತು. ಪೊಲೀಸರ ಕ್ಷೇಮ ಮತ್ತು ಪೊಲೀಸರ ನೀತಿ ಎರಡು ಬೇರೆ ಕಡತಗಳಲ್ಲ ಎಂಬುದನ್ನು ಈ ಅಧ್ಯಯನ ತೋರಿಸುತ್ತದೆ.

5. ಮೃದುತ್ವ ಒಂದೇ ಸಾಲದು

ಹಾಗೆಂದು ಒಳ್ಳೆಯ ಮಾತಾಡುವ ಸಾಹೇಬರಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಹ್ಯೂಬರ್ಟ್ಸ್, ಕಾಪ್ಟೀನ್ ಮತ್ತು ಲಾಸ್ತೂಯ್ಜೆನ್ ಎಂಬ ಸಂಶೋಧಕರು ನೆದರ್ಲೆಂಡ್ಸ್ ಪೊಲೀಸರಲ್ಲಿ ಮೂರು ಬಗೆಯ ನಾಯಕತ್ವವನ್ನು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು: ತಾನೇ ಮಾದರಿಯಾಗುವುದು, ಕಟ್ಟುನಿಟ್ಟು, ಮುಕ್ತ ಮಾತುಕತೆ. ಸಹೋದ್ಯೋಗಿಗಳ ಜತೆಗಿನ ಕೆಟ್ಟ ನಡವಳಿಕೆಯನ್ನು ತಗ್ಗಿಸುವುದರಲ್ಲಿ ಮಾದರಿಯಾಗುವ ನಾಯಕತ್ವ ಮುಂದಿತ್ತು. ವಂಚನೆ, ಲಂಚ, ಇಲಾಖೆಯ ವಸ್ತುಗಳ ದುರ್ಬಳಕೆಯನ್ನು ತಡೆಯುವುದರಲ್ಲಿ ಕಟ್ಟುನಿಟ್ಟು ಹೆಚ್ಚು ಫಲ ಕೊಟ್ಟಿತು.

ದುಡ್ಡಿನ ವಿಷಯ ಬಂದಾಗ ಬಿಗಿ ಬೇಕು. ಆ ಬಿಗಿ ಮೇಲಿನಿಂದಲೇ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಪಿಎಸ್‌ಐ ನೇಮಕಾತಿ ಹಗರಣ ಸಾಕ್ಷಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಉತ್ತರ ಪತ್ರಿಕೆಗಳನ್ನು ತಿದ್ದಿದ ಆರೋಪದ ಮೇಲೆ ತನಿಖೆ ಶುರುವಾಗಿ, 2022ರ ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ ಬಂಧಿಸಲಾಯಿತು. ತಪ್ಪಿತಸ್ಥರು ಯಾರೆಂದು ಹೇಳಬೇಕಾದದ್ದು ನ್ಯಾಯಾಲಯ. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಧಾರವಾಡದ ಕೋಚಿಂಗ್ ಕೇಂದ್ರಗಳ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ಓದುವ ಹಳ್ಳಿಯ ಮಕ್ಕಳಿಗೆ ಆ ವರ್ಷಗಳು ಎಷ್ಟು ದುಬಾರಿ ಎಂದು ಈ ಭಾಗದ ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಲಕ್ಷಗಟ್ಟಲೆ ಕೊಟ್ಟು ನಕ್ಷತ್ರ ಹಾಕಿಕೊಂಡವನು ಠಾಣೆಗೆ ಬಂದ ಮೇಲೆ ಆ ಹಣವನ್ನು ಊರಿನಿಂದಲೇ ಎತ್ತಲು ನೋಡುತ್ತಾನೆ.

6. ನಂಬಿಕೆ ಕೊಟ್ಟ ಎರಡು ಕ್ರಮಗಳು

ಒಳ್ಳೆಯ ಮೇಲ್ಪಂಕ್ತಿಯೂ ನಮ್ಮಲ್ಲಿದೆ. ಆರ್.ಕೆ. ದತ್ತ ಅವರು ರಾಜ್ಯದ ಪೊಲೀಸ್ ಮುಖ್ಯಸ್ಥರು (ಡಿಜಿ-ಐಜಿಪಿ) ಆಗಿದ್ದ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯ ಊರು, ಓಣಿಗಳನ್ನು ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಹಂಚಿ, ಆ ಊರಿಗೆ ಅವರನ್ನೇ ಹೊಣೆಗಾರರನ್ನಾಗಿ ಮಾಡಿದರು. ಅದುವರೆಗೆ ಬರೀ ಆದೇಶ ಪಾಲಿಸುತ್ತಿದ್ದ ಪೇದೆಗೆ ‘ಇದು ನನ್ನ ಊರು’ ಎನ್ನುವ ಅಧಿಕಾರ ಸಿಕ್ಕಿತು. ಮೇಲಿನವರು ಕೆಳಗಿನವರ ಮೇಲೆ ಇಟ್ಟ ನಂಬಿಕೆ ಅದು.

ಇನ್ನೊಂದು, ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ದಶಕಗಳಿಂದ ಪೇದೆಗಳ ತಲೆಯ ಮೇಲಿದ್ದ, ಬಿಸಿಲಲ್ಲಿ ಸುಡುವ, ಓಡಿದರೆ ಬೀಳುವ ಸ್ಲೌಚ್ ಹ್ಯಾಟ್ 2025ರ ಅಕ್ಟೋಬರ್ 28ರಂದು ಹೋಯಿತು. ಅದರ ಜಾಗಕ್ಕೆ ನೀಲಿ ಪೀಕ್ ಕ್ಯಾಪ್ ಬಂತು. ಕಾನ್‌ಸ್ಟೇಬಲ್‌ಗಳು ಬಹಳ ಕಾಲದಿಂದ ಹೇಳುತ್ತಿದ್ದ ಮಾತನ್ನು ಕೊನೆಗೂ ಮೇಲಿನವರು ಕೇಳಿಸಿಕೊಂಡರು.

7. ಊರು ಕೇಳಬಹುದಾದದ್ದು

ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದೂ ಪೊಲೀಸರ ವಿರುದ್ಧದ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ ಬೇಕೆಂದೂ ಹೇಳಿತು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಯನ್ನು ತಿದ್ದಿ ದೂರು ಪ್ರಾಧಿಕಾರಕ್ಕೆ ಜಾಗ ಮಾಡಿಕೊಟ್ಟಿತು. ನಾಳೆ ವರ್ಗವಾದೀತೆಂಬ ಭಯದಲ್ಲಿ ಇರುವ ಅಧಿಕಾರಿ ತನ್ನ ಸಿಬ್ಬಂದಿಯ ಪರವಾಗಿ ಶಾಸಕರ ಫೋನಿಗೆ ‘ಇಲ್ಲ’ ಎನ್ನಲಾರ. ಆದ್ದರಿಂದ ಅವಧಿಯ ಭದ್ರತೆ ಪೇದೆಯ ನೆಮ್ಮದಿಗೂ ಬೇಕಾದದ್ದು, ಊರಿನ ನ್ಯಾಯಕ್ಕೂ ಬೇಕಾದದ್ದು.

ಇದೆಲ್ಲ ಬೆಂಗಳೂರಿನಲ್ಲೇ ತೀರ್ಮಾನವಾಗಬೇಕಿಲ್ಲ. ಮುಗದದ ಗ್ರಾಮ ಪಂಚಾಯಿತಿ ತನ್ನ ಗ್ರಾಮಸಭೆಗೆ ಬೀಟ್ ಪೊಲೀಸರನ್ನೂ ಠಾಣೆಯ ಪಿಎಸ್‌ಐಯವರನ್ನೂ ಕರೆಯಬಹುದು. ಬೀಟ್ ಪೊಲೀಸರು ತಿಂಗಳಿಗೆ ಎಷ್ಟು ಸಲ ಊರಿಗೆ ಬಂದರು, ಅವರನ್ನು ಬೀಟ್ ಬಿಡಿಸಿ ಬೇರೆಡೆಯ ಬಂದೋಬಸ್ತಿಗೆ ಎಷ್ಟು ದಿನ ಕಳಿಸಲಾಯಿತು, ಅವರಿಗೆ ವಾರದ ರಜೆ ಸಿಕ್ಕಿತೇ, ಊರಿನಿಂದ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಕೊಟ್ಟರೇ ಎಂದು ಕೇಳಬಹುದು. ಉತ್ತರಗಳನ್ನು ಸಭೆಯ ನಡಾವಳಿಯಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಧಾರವಾಡದ ಎಸ್‌ಪಿ ಕಚೇರಿಗೆ ಕಳಿಸಬಹುದು.