ತಾಮ್ರದ ಮೇಲಿನ ಗೆರೆ

ಸಂಶಿಯ ನಮ್ಮ ಹಿರಿಯರ ಮನೆಯಲ್ಲಿ ಒಂದು ತಾಮ್ರದ ಕೊಡವಿದೆ. ಅದರ ಕಂಠದ ಕೆಳಗೆ ಅಜ್ಜಿಯ ಹೆಸರನ್ನು ಚುಕ್ಕೆಚುಕ್ಕೆಯಾಗಿ ಕೊರೆಯಿಸಿದ್ದರು. ಹುಣಸೆಹಣ್ಣು ಹಚ್ಚಿ ತಿಕ್ಕಿದಷ್ಟೂ ಕೊಡ ಹೊಳೆಯುತ್ತಿತ್ತು. ಹೆಸರು ಮಾತ್ರ ಸವೆಯುತ್ತ ಬಂದಿತು. ಹದಿನೆಂಟನೆಯ ಶತಮಾನದ ಪುಸ್ತಕಚಿತ್ರಗಳ ಮಾತು ಬಂದಾಗಲೆಲ್ಲ ನನಗೆ ಈ ಕೊಡ ನೆನಪಾಗುತ್ತದೆ.

ಅಂದಿನ ಯುರೋಪಿನ ಕೆತ್ತನೆಗಾರನು ನುಣುಪಾದ ತಾಮ್ರದ ತಗಡಿನ ಮೇಲೆ ಉಕ್ಕಿನ ಚೂಪಾದ ಉಳಿಯನ್ನು ಮುಂದಕ್ಕೆ ನೂಕಿ ಗೆರೆ ತೋಡುತ್ತಿದ್ದನು. ಚಿತ್ರವನ್ನು ಎಡಬಲ ಮಾಡಿಯೇ ಕೊರೆಯಬೇಕು. ಬಳಿಕ ತಗಡಿಗೆಲ್ಲ ಮಸಿ ಬಳಿದು ಮೇಲ್ಮೈಯನ್ನು ಒರೆಸಿದರೆ, ಮಸಿ ಗೆರೆಗಳ ಆಳದಲ್ಲಷ್ಟೇ ಉಳಿಯುವುದು. ತೇವದ ಕಾಗದವನ್ನು ಹೊದಿಸಿ ಎರಡು ಉರುಳೆಗಳ ನಡುವೆ ಒತ್ತಿದಾಗ ಕಾಗದ ಆ ಮಸಿಯನ್ನು ಹೀರಿಕೊಂಡು ಮೇಲೇಳುವುದು. ಅಚ್ಚುಮೊಳೆಯ ಕ್ರಮ ಇದಕ್ಕೆ ವಿರುದ್ಧ. ಅಲ್ಲಿ ಉಬ್ಬಿದ ಭಾಗವೇ ಮಸಿ ಹಿಡಿಯುವುದು. ಆದ್ದರಿಂದ ಚಿತ್ರದ ಹಾಳೆಗಳನ್ನು ಬೇರೆಯಾಗಿ ಒತ್ತಿ ಪುಸ್ತಕಕ್ಕೆ ಸೇರಿಸುತ್ತಿದ್ದರು. ದಿದೆರೋ ಸಂಪಾದಿಸಿದ ಫ್ರೆಂಚ್ ವಿಶ್ವಕೋಶದಲ್ಲಿ ಬರಹಕ್ಕೆ 17 ಸಂಪುಟಗಳಾದರೆ ಚಿತ್ರಗಳಿಗೆ ಬೇರೆ 11 ಸಂಪುಟಗಳು. ಒತ್ತಿದಷ್ಟೂ ತಾಮ್ರ ಮೃದುವಾದ್ದರಿಂದ ಗೆರೆ ಸವೆಯುವುದು. ಮೊದಲ ಪ್ರತಿಗಳ ಕಪ್ಪು ಕೊನೆಯ ಪ್ರತಿಗಳಿಗಿಲ್ಲ.

ನಮ್ಮ ನಾಡೂ ಈ ತಾಮ್ರದ ಮೇಲೆ ಬಂದಿತು. ಬಂದದ್ದು ಮಾತ್ರ ದಂಡಿನ ಹಿಂದೆ. ರಾಬರ್ಟ್ ಹೋಮ್ ಎಂಬ ಆಂಗ್ಲ ಚಿತ್ರಕಾರನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆಯಲ್ಲಿ ಟಿಪ್ಪುವಿನ ಸೀಮೆಯನ್ನು ಹೊಕ್ಕನು. ಬೆಂಗಳೂರಿನ ಕೋಟೆ, ಸಾವನದುರ್ಗದ ಬಂಡೆ ಮೊದಲಾದುವನ್ನು ಅಲ್ಲಲ್ಲಿಯೇ ಬರೆದುಕೊಂಡನು. ಮೈಸೂರು ಸೀಮೆಯ ಆ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದುವು. ಕೋಲ್‌ಬ್ರೂಕ್, ಅಲನ್ ಎಂಬ ಸೇನಾಧಿಕಾರಿಗಳ ಚಿತ್ರಪುಸ್ತಕಗಳೂ ಅದೇ ದಶಕದವು.

ಇವು ಗೆದ್ದವರ ಪುಸ್ತಕಗಳು. ಪ್ರತಿಯೊಂದು ದುರ್ಗವೂ ಇಲ್ಲಿ ಎಷ್ಟು ಭಯಂಕರವೋ ಅದನ್ನು ಹಿಡಿದವರ ಕೀರ್ತಿ ಅಷ್ಟು ದೊಡ್ಡದು. ಹಾಗೆಂದು ಇವನ್ನು ಮುಚ್ಚಿಡಲು ನನಗೆ ಮನಸ್ಸು ಬಾರದು. ಬೆಂಗಳೂರು ಕೋಟೆಯಲ್ಲಿ ಇಂದು ಉಳಿದಿರುವುದು ದೆಹಲಿ ಬಾಗಿಲು ಮತ್ತು ಒಂದಿಷ್ಟು ಗೋಡೆ. ಉಳಿದುದನ್ನು ಕಾಣಬೇಕೆಂದರೆ ಅದನ್ನು ಒಡೆದವರ ಜೊತೆ ಬಂದವನ ಕಣ್ಣನ್ನೇ ಎರವಲು ಪಡೆಯಬೇಕು!

ನಮ್ಮವರಿಗೆ ತಾಮ್ರ ಕೊರೆಯುವ ಕೈ ಇರಲಿಲ್ಲವೆಂದಲ್ಲ. ಶತಶತಮಾನಗಳಿಂದ ದಾನದ ಶಾಸನಗಳನ್ನು ತಾಮ್ರದ ಹಲಗೆಗಳ ಮೇಲೆ ಕೊರೆದು, ಬಳೆಯಲ್ಲಿ ಪೋಣಿಸಿ, ಮುದ್ರೆ ಹಾಕಿ ಕೊಟ್ಟವರು ನಾವು. ಆ ಅಕ್ಷರಗಳನ್ನು ನೇರವಾಗಿಯೇ ಕೊರೆದರು, ಏಕೆಂದರೆ ಓದಬೇಕಾದುದು ಆ ಹಲಗೆಯನ್ನೇ. ಅದನ್ನು ಇಟ್ಟುಕೊಳ್ಳಬೇಕಿತ್ತು, ಹಂಚಬೇಕಿರಲಿಲ್ಲ.

ಕಳೆದ ಸಲ ಸಂಶಿಗೆ ಹೋದಾಗ ಆ ಕೊಡದ ಮೇಲೆ ತೆಳುವಾದ ಕಾಗದವನ್ನು ಒತ್ತಿ ಹಿಡಿದು ಪೆನ್ಸಿಲ್ಲಿನಿಂದ ಮೆಲ್ಲಗೆ ತಿಕ್ಕಿದೆನು. ಕಪ್ಪಿನ ನಡುವೆ ಬಿಳಿಯ ಚುಕ್ಕೆಗಳಾಗಿ ಅಜ್ಜಿಯ ಹೆಸರಿನ ಎರಡು ಅಕ್ಷರ ಮೂಡಿದುವು.